ಎರಡು ಗೋಲಿ, ಒಂದು ಹಸಿರು ಡಬ್ಬಿ

"ಗೋಲಿ ಅಂದ್ರ ಯಾವ ಗೋಲಿ, ಅಮ್ಮಾರ?"

ಎಎಸ್‌ಐ ಹೊಳೆವ್ವ ಈ ಪ್ರಶ್ನೆ ಕೇಳುತ್ತಿರುವುದು ಮೂರನೇ ಸಲ. ಮೊದಲ ಸಲ ಕೇಳಿದಾಗ ರಮಜಾನಬಿ ಚಹಾ ಕುಡೀರಿ ಅಂದಿದ್ದಳು. ಎರಡನೇ ಸಲ ಖಾರ ತಗೋರಿ ಅಂದಿದ್ದಳು. ಚಹಾ ಮುಗಿದಿತ್ತು, ಖಾರದ ತಟ್ಟೆಯ ತಳವೂ ಕಾಣುತ್ತಿತ್ತು. ಮನೆಯವರು ಮಾಡಬಹುದಾದ ಉಪಚಾರದಲ್ಲಿ ಇನ್ನು ಉತ್ತರವೊಂದೇ ಬಾಕಿ.

"ಗೋಲಿ ಅಂದ್ರ ಗೋಲಿ," ಅಂದಳು ರಮಜಾನಬಿ, ಇಷ್ಟು ಸಣ್ಣ ಮಾತು ಪೊಲೀಸರಿಗೆ ತಿಳಿಯುವುದಿಲ್ಲವಲ್ಲ ಎಂಬ ಮರುಕದಿಂದ. "ಬಿ.ಪಿ. ಗೋಲಿ. ಮುಂಜಾನೆ ಒಂದು, ಸಂಜಿಕ ಒಂದು. ನೀವೇನಂತೀರಿ ಅದಕ್ಕ?"

"ಗುಳಿಗಿ."

"ಹಾಂ. ಅದ."

ಹೊಳೆವ್ವ ಬಾಯಿಗೆ ಒಯ್ದಿದ್ದ ಕೈಯನ್ನು ತಟ್ಟೆಗೆ ಇಳಿಸಿದಳು. ಅವಳ ಮಡಿಲಲ್ಲಿದ್ದ ಫೈಲಿನಲ್ಲಿ ಇದೇ ರಮಜಾನಬಿ ಬೇರೆಯೇ ಮಾತಾಡಿದ್ದಳು. ಮಂಗಳವಾರ ಇದೇ ಕೋಣೆಯಲ್ಲಿ ಕೂತು ಪಿಎಸ್‌ಐ ಮಲ್ಲಿಕಾ ಮೇಡಂ ಸ್ವಂತ ಕೈಯಿಂದ ಬರೆದುಕೊಂಡ ಹೇಳಿಕೆ ಅದು: 'ಮದುವೆ ಮನೆಯಲ್ಲಿ ನಮ್ಮ ಡ್ರೈವರ್ ನಾಸೀರನನ್ನು ಕಳಿಸಿ, ಕಾರಿನಲ್ಲಿದ್ದ ಹಸಿರು ಡಬ್ಬಿಯ ಗುಂಡುಗಳನ್ನು ತರಿಸಿದೆನು.'

ಅರವತ್ತೇಳು ವರ್ಷದ, ಮಂಡಿನೋವಿನ ಹೆಣ್ಣುಮಗಳು ಮದುವೆಯ ಊಟಕ್ಕೆ ಕೂತಲ್ಲಿಗೆ ಗುಂಡು ತರಿಸಿಕೊಂಡು ಏನು ಮಾಡಿದಳು ಎಂದು ಠಾಣೆಯಲ್ಲಿ ಯಾರೂ ಕೇಳಿರಲಿಲ್ಲ. ಒಮ್ಮೆ ಬರೆದದ್ದನ್ನು ತಿರುಗಿ ಪ್ರಶ್ನಿಸುವ ರೂಢಿ ಠಾಣೆಗಿಲ್ಲ.

ಭಾನುವಾರ ಸಂಜೆ ರಟ್ಟೀಹಳ್ಳಿ ರಸ್ತೆಯಲ್ಲಿ ಹಿರೇಕೆರೂರಿನ ಬೀಜದ ವ್ಯಾಪಾರಿ ಮಹಾಂತೇಶ ಎರಡು ಗುಂಡೇಟಿಗೆ ಸತ್ತಿದ್ದ. ಅದೇ ದಿನ ಹಿರೇಕೆರೂರಿಗೆ ಮದುವೆಗೆಂದು ಹೋಗಿದ್ದ ಸವಣೂರಿನ ರಮಜಾನಬಿಯ ಗಂಡ ಇಸಾಕನ ಕಾರಿನಿಂದ ಅದೇ ಅಳತೆಯ ಎರಡು ಕಾಡತೂಸು ಕಾಣೆಯಾಗಿದ್ದವು.

ನಿನ್ನೆ ಸಂಜೆಯಿಂದ ನಾಸೀರ ಹಿರೇಕೆರೂರು ಠಾಣೆಯ ಲಾಕಪ್ಪಿನಲ್ಲಿದ್ದ. ಇಪ್ಪತ್ತೆರಡು ವರ್ಷ ಒಂದೇ ಮನೆಯ ಗಾಡಿ ಓಡಿಸಿದ ಆ ಮನುಷ್ಯ ಏನು ಕೇಳಿದರೂ ಒಂದೇ ಮಾತು ಹೇಳುತ್ತಿದ್ದ: "ಅಮ್ಮಾರನ್ನ ಕೇಳ್ರಿ." ಅವನ ಹೆಂಡತಿ ಇಮಾಮಬಿ ಒಂದು ಟವೆಲ್ಲು, ಒಂದು ಸೋಪು ಹಿಡಿದು ಠಾಣೆಯ ಬೇವಿನ ಗಿಡದ ಕೆಳಗೆ ಕೂತಿದ್ದಳು. ಇವತ್ತು ನಾಲ್ಕು ಗಂಟೆಗೆ ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕು. 'ಗುಂಡು ತರಿಸಿದೆನು' ಎಂಬ ಕಾಗದ ಜೊತೆಗಿದ್ದರೆ ಅವನು ಸದ್ಯ ಮನೆಗೆ ಬರುವ ಮಾತಿಲ್ಲ.

ಈಗ ಹನ್ನೆರಡೂವರೆ. ಮಲ್ಲಿಕಾ ಮೇಡಂ ಮೀಟಿಂಗಿಗೆಂದು ಹಾವೇರಿಗೆ ಹೋಗಿದ್ದಳು. ಸಾಕ್ಷಿಯ ಆಧಾರ್ ಕಾರ್ಡಿನ ಝೆರಾಕ್ಸ್ ಫೈಲಿನಲ್ಲಿಲ್ಲ, ತರುತ್ತೇನೆ ಎಂದು ಹೇಳಿ ಹೊಳೆವ್ವ ಸವಣೂರಿನ ಬಸ್ಸು ಹತ್ತಿದ್ದಳು. ಸರ್ಕಾರಿ ಕೆಲಸದಲ್ಲಿ ಝೆರಾಕ್ಸಿಗೆ ಹೊರಟವರನ್ನು ಯಾರೂ ಅನುಮಾನಿಸುವುದಿಲ್ಲ.

ಓಣಿಯಲ್ಲಿ ಚುನಾವಣೆಯ ಆಟೋವೊಂದು ಮೈಕಿನಲ್ಲಿ ಕೂಗುತ್ತ ಹೋಯಿತು: "ಹೊಲಿಗೆ ಯಂತ್ರದ ಗುರುತು, ಮರೀಬ್ಯಾಡ್ರಿ." ಬಾಗಿಲ ಬಳಿ ನಿಂತಿದ್ದ ಇಸಾಕ, ಆ ಗದ್ದಲ ದಾಟಲೆಂದು ಕಾದು, ಗಂಟಲು ಸರಿಮಾಡಿಕೊಂಡ.

"ಮೇಡಮ್ಮರ, ಒಂದ ಮಾತು. ನೀವು ಬಂದಾಗಿಂದ ಪಿಸ್ತೂಲ, ಪಿಸ್ತೂಲ ಅನ್ನಾಕತ್ತೀರಿ. ಅದು ಪಿಸ್ತೂಲ ಅಲ್ಲರಿ, ರಿವಾಲ್ವರ್. ಲೈಸೆನ್ಸಿನ್ಯಾಗ ಹಂಗ ಬರದೈತಿ."

"ತಪ್ಪಾತ್ರಿ ಸಾಹೇಬ್ರ. ಗಾಡಿಯಾಗ ಅದನ್ನ ಹೆಂಗ ಒಯ್ದಿದ್ರಿ, ಒಮ್ಮೆ ತೋರಸ್ರಿ."

ಈ ಒಂದು ಮಾತಿಗಾಗಿಯೇ ಕಾದಿದ್ದವನಂತೆ ಇಸಾಕ ಚಪ್ಪಲಿ ಮೆಟ್ಟಿದ.

ಎಲೆ ವ್ಯಾಪಾರಿ ಇಸಾಕನಿಗೆ ಎಪ್ಪತ್ತೆರಡು. ಬೆಳಿಗ್ಗೆ ಎದ್ದು ವೀಳ್ಯದೆಲೆಯ ಕಟ್ಟುಗಳನ್ನು ಒದ್ದೆ ಬಟ್ಟೆಯಲ್ಲಿ ಹೇಗೆ ಸುತ್ತುತ್ತಿದ್ದನೋ ಅದೇ ನಾಜೂಕಿನಿಂದ ಕಾನೂನನ್ನೂ ಸುತ್ತಿ ಇಟ್ಟುಕೊಂಡಿದ್ದ. ಅಂಗಳದ ಬಿಳಿ ಕಾರಿನ ಡಿಕ್ಕಿ ತೆಗೆದ. ಒಳಗೆ ಕಬ್ಬಿಣದ ಸಣ್ಣ ಪೆಟ್ಟಿಗೆ, ಅದಕ್ಕೆ ಬೀಗ, ಪೆಟ್ಟಿಗೆಯಿಂದ ಸೀಟಿನ ಕೆಳಗಿನ ಕೊಂಡಿಗೆ ಸರಪಳಿ, ಸರಪಳಿಗೆ ಇನ್ನೊಂದು ಬೀಗ. ಪೆಟ್ಟಿಗೆ ಈಗ ಬರಿದಾಗಿತ್ತು.

"ರಿವಾಲ್ವರ್ ಇದರಾಗ. ಮನಿಯೊಳಗ, ಕಾಡತೂಸು ಕುಂದ್ರೂ ಆರೂ ತೂತು ತೆಗೆದು ನೋಡಿ, ಬೆಳಕಿಗೆ ಹಿಡಿದು ನೋಡಿ, ಖಾಲಿ ಐತಿ ಅಂತ ಈಕಿ ಮುಂದ ಜೋರಾಗಿ ಹೇಳೇ ಇಡೂದು. ಕೀಲಿ ನನ್ನ ಉಡದಾರಕ್ಕ. ಲೈಸೆನ್ಸು ಕಿಸೆದಾಗ. ಡಿಕ್ಕಿಯಾಗ ಅಲ್ಲ, ಕಿಸೆದಾಗ. ನಾಕಾಬಂದಿಯಾಗ ಪೊಲೀಸರು ಕೈ ಮಾಡಿದ್ರ, ಅವರು ಕೇಳೂಕಿಂತ ಮೊದಲ ನಾನ ಹೇಳ್ತೇನಿ: ಸಾಹೇಬ್ರ, ಡಿಕ್ಕಿಯಾಗ ಒಂದು ರಿವಾಲ್ವರ್ ಐತಿ, ಖಾಲಿ ಐತಿ, ಕಾಗದ ಇಲ್ಲೇ ಅದಾವ."

"ಗಾಬರಿ ಆಗ್ತಾರೇನ್ರಿ?"

"ಅದನ್ನ ಕೇಳಿ ಅಲ್ಲ. ಇಷ್ಟು ಖರೇ ಹೇಳೋ ಮನಿಷ್ಯಾನ್ನ ನೋಡಿ."

ಹೊಳೆವ್ವ ನಕ್ಕಳು. "ಅಲ್ರಿ, ಮದುವಿಗೆ ಯಾಕ ಒಯ್ದ್ರಿ ಅದನ್ನ?"

"ಮದುವಿಗೆಲ್ಲಿ ಒಯ್ದೇನಿ? ನಿಮಗ ಕೊಡಾಕ ಒಯ್ದೇನಿ." ಇಸಾಕನ ದನಿಯಲ್ಲಿ ಮೊದಲ ಸಲ ನೋವು ಕಾಣಿಸಿತು. "ಚುನಾವಣಿ ಬಂತು, ಹತಾರ ಇದ್ದವರೆಲ್ಲ ಠಾಣೆಗೆ ಒಪ್ಪಸ್ರಿ ಅಂದ್ರಿ. ನನ್ನ ಲೈಸೆನ್ಸು ಹಾನಗಲ್ಲ ವಿಳಾಸದ್ದು, ಮೊದಲ ಅಲ್ಲೇ ಇದ್ದೆವಿ. ವಿಳಾಸ ಬದಲಿ ಮಾಡಾಕ ಅರ್ಜಿ ಕೊಟ್ಟು ಮೂರು ವರ್ಷ ಆತು, ಅರ್ಜಿ ಇನ್ನೂ ದಾರ್ಯಾಗ ಐತಿ. ಭಾನುವಾರ ಹಿರೇಕೆರೂರಾಗ ಮದುವಿ, ಸೋಮವಾರ ಮುಂಜಾನೆ ಅಲ್ಲಿಂದ ಹಾಂಗ ಹಾನಗಲ್ಲಕ್ಕ ಹೋಗಿ ಒಪ್ಪಸೂದು ಅಂತ ಮಾಡಿದ್ದೆ. ಮದುವಿ ಒಳಗ ಒಯ್ಯಲಿಲ್ಲ. ಖುಷಿಯಾಗ ಯಾರರ ಕೈಗೆ ಸಿಕ್ರ ಮುಗೀತು. ಗಾಡಿಯಾಗ ಬಿಟ್ಟೆ."

ಸೋಮವಾರ ಹಾನಗಲ್ಲಿನಲ್ಲಿ ಕಾಡತೂಸು ಎಣಿಸಿದಾಗ ಇಪ್ಪತ್ತಿರಬೇಕಾದಲ್ಲಿ ಹದಿನೆಂಟಿದ್ದವು. ಎರಡು ಕಡಿಮೆಯಿವೆ ಎಂದು ಬರೆದುಕೊಟ್ಟವನೂ ಇಸಾಕನೇ. ಯಾರೂ ಕೇಳಿರಲಿಲ್ಲ. ಅವನ ರಿವಾಲ್ವರಿನಿಂದ ಗುಂಡೇ ಹಾರಿಲ್ಲ ಎಂದು ಪರೀಕ್ಷೆ ಮಾಡಿದವರು ಹೇಳಿದ್ದರು. ಹಾಗಾಗಿ ಈಗ ಠಾಣೆಯ ಲೆಕ್ಕ ಸರಳವಾಗಿತ್ತು: ಕಾಡತೂಸು ಕದ್ದವನು ನಾಸೀರ, ಹಾರಿಸಿದ ಹತಾರ ಯಾವುದೋ, ಅವನೇ ಬಾಯಿಬಿಡಬೇಕು.

"ಒಮ್ಮೆರ ಹಾರಿಸೀರೇನ್ರಿ ಅದನ್ನ?"

"ಇಲ್ಲ. ತಡಸದ ಕಡೆ ಒಮ್ಮೆ ದಾರಿ ಕಟ್ಟಿ ಬಡದಿದ್ರು, ಆ ಅಂಜಿಕಿಗೆ ತಗೊಂಡೆ." ಇಸಾಕ ಪೆಟ್ಟಿಗೆಯ ಮುಚ್ಚಳ ಇಳಿಸಿ, ಖಾಲಿ ಪೆಟ್ಟಿಗೆಗೂ ಬೀಗ ಹಾಕಿದ. "ಹನ್ನೆರಡ ವರ್ಷ ಆತು. ಅದು ನನ್ನ ಕಾದದ್ದು ಕಾಣೆ. ನಾನ ಅದನ್ನ ಕಾಯಾಕತ್ತೇನಿ."

ಹೊಳೆವ್ವಳಿಗೆ ಆ ಮಾತು ತನ್ನದೂ ಅನ್ನಿಸಿತು. ಆರು ವರ್ಷದಿಂದ ಠಾಣೆಯ ಆಯುಧ ಕೋಣೆ ಅವಳ ವಶದಲ್ಲಿತ್ತು. ಆ ಬಾಗಿಲಿಗೆ ಎರಡು ಬೀಗ. ಒಂದರ ಕೀಲಿ ಅವಳ ಸೊಂಟದಲ್ಲಿ, ಇನ್ನೊಂದರದು ಪಿಎಸ್‌ಐ ಹತ್ತಿರ. ಇಬ್ಬರೂ ನಿಂತರೇ ಬಾಗಿಲು. ಚುನಾವಣೆ ಬಂದಾಗ ಊರವರ ಅಂಜಿಕೆಗಳೆಲ್ಲ ಚೀಟಿ ಕಟ್ಟಿಸಿಕೊಂಡು ಬಂದು ಅವಳ ಕೋಣೆಯಲ್ಲಿ ಸಾಲಾಗಿ ಒರಗುತ್ತಿದ್ದವು. ಈ ಸಲ ಶನಿವಾರದೊಳಗೆ ಒಂಬತ್ತು ಬಂದೂಕು, ಮೂರು ರಿವಾಲ್ವರು ಬಂದಿದ್ದವು.

"ಕಾಡತೂಸು ಎಲ್ಲಿದ್ದವು?"

"ಮುಂದ." ಇಸಾಕ ಡ್ಯಾಶ್‌ಬೋರ್ಡಿನ ಮುಚ್ಚಳ ತೋರಿಸಿದ. "ಇದಕ್ಕೂ ಕೀಲಿ ಐತಿ, ಗಾಡಿ ಕೀಲಿನ. ಅದು ನಾಸೀರನ ಕಡೆ ಇರ್ತೈತಿ. ರಿವಾಲ್ವರ್ ಹಿಂದ, ಗೋಲಿ ಮುಂದ. ಎರಡೂ ಒಂದ ಕೈಗೆ ಸಿಗಬಾರದು, ಅದ ನನ್ನ ಕಾಯ್ದೆ. ಗೋಲಿ ಯಾರರ ಕದ್ದರೂ ಏನ ಮಾಡ್ತಾರ? ರಿವಾಲ್ವರ್ ಇಲ್ಲದ ಗೋಲಿ ಬರೇ ಹಿತ್ತಾಳಿ ತುಂಡು."

ಹೊಳೆವ್ವ ಕಿವಿ ನಿಮಿರಿಸಿದಳು. "ನೀವೂ ಗೋಲಿ ಅಂತೀರಿ."

"ಮತ್ತೇನಂತಾರ?"

"ಅಮ್ಮಾರ ಗುಳಿಗಿಗೂ ಗೋಲಿ, ಇದಕ್ಕೂ ಗೋಲಿ."

"ನಮ್ಮ ಉರ್ದು ಮಾತಿನ್ಯಾಗ ಎರಡೂ ಅದ."

"ಭಾನುವಾರ ಅಮ್ಮಾರ ಗುಳಿಗಿ ಗಾಡಿಯಾಗ ಎಲ್ಲಿದ್ದವು?"

ಇಸಾಕ ಡ್ಯಾಶ್‌ಬೋರ್ಡಿನ ಮುಚ್ಚಳದ ಧೂಳನ್ನು ಕೈಯಿಂದ ಒರೆಸಿದ. ಆಮೇಲೆ, ತನ್ನ ಜಾಣತನವನ್ನು ಹೇಳಿಕೊಳ್ಳಲು ನಾಚುವವನಂತೆ, "ಅದರಾಗ ಇದ್ದವು," ಅಂದ.

"ಯಾವದರಾಗ?"

"ಗೋಲಿ ಡಬ್ಬಿಯಾಗ. ಹೊರಗ ಹೊಂಟಾಗೆಲ್ಲ ಆಕಿ ಔಷಧ ಮರೀತಿದ್ದೆ. ಕಾಡತೂಸು ಮಾತ್ರ ಒಮ್ಮಿನೂ ಮರತಿಲ್ಲ. ಅದಕ್ಕ ಎರಡೂ ಒಂದ ಡಬ್ಬಿಯಾಗ ಹಾಕಿದೆ. ಅವಾಗಿಂದ ಔಷಧ ಮರತಿಲ್ಲ ನೋಡ್ರಿ."

ಹೊಳೆವ್ವ ಕಾರಿನ ಬಾಗಿಲಿಗೆ ಒರಗಿದಳು. ಕಬ್ಬಿಣದ ಪೆಟ್ಟಿಗೆ, ಸರಪಳಿ, ಎರಡು ಬೀಗ, ಉಡದಾರ, ಇಷ್ಟೆಲ್ಲ ಕಾವಲು ಕಟ್ಟಿದ ಮನುಷ್ಯ ಕೊನೆಗೆ ಹೆಂಡತಿಯ ಬಿ.ಪಿ.ಗೆ ಸೋತಿದ್ದ. ತಾನು ಬಂದದ್ದು ಮೇಡಂ ಬರೆದ ಒಂದು ತಪ್ಪು ಶಬ್ದ ಹಿಡಿದು ನಾಸೀರನನ್ನು ಬಿಡಿಸಲು. ನೋಡಿದರೆ ಆ ತಪ್ಪು ಶಬ್ದವೂ ಸರಿಯೇ ಆಗಿತ್ತು. ನಾಸೀರ ತಂದ ಡಬ್ಬಿಯಲ್ಲಿ ಗುಳಿಗೆಯೂ ಇತ್ತು, ಗುಂಡೂ ಇತ್ತು.

"ಆ ಡಬ್ಬಿ ಈಗ ಎಲ್ಲೈತಿ? ಹಾನಗಲ್ಲದಾಗ ಕೊಟ್ರೇನು?"

"ಕಾಡತೂಸು ಸುರುವಿ ಕೊಟ್ಟೆ. ಡಬ್ಬಿ ಯಾಕ ಕೊಡ್ಲಿ? ನಮ್ಮ ಅಪ್ಪನ ಎಲಿ-ಅಡಿಕಿ ಡಬ್ಬಿ ಅದು. ಆಕಿ ಕಡೇನ ಐತಿ."

"ಡಬ್ಬಿಯ ಮಾತು ಪೊಲೀಸರು ಯಾರರ ಕೇಳಿದ್ರೇನು?"

"ನೀವ ಮೊದಲಿನವರು."

ಹೊಳೆವ್ವ ಬಂದ ಕೂಡಲೇ ಕೇಳಿ ಇಸಿದುಕೊಂಡಿದ್ದ ರಮಜಾನಬಿಯ ಆಧಾರ್ ಕಾರ್ಡನ್ನು ಅವನ ಕೈಗಿಟ್ಟಳು. "ಸಾಹೇಬ್ರ, ಇದರದು ಎರಡ ಝೆರಾಕ್ಸ್ ಮಾಡಿಸ್ಕೊಂಡ ಬರ್ರಿ. ಹಿಂದೂ ಮುಂದೂ ಎರಡೂ ಬರಬೇಕು."

"ಹಿಂದ ಮುಂದ ಒಂದ ಹಾಳಿಮ್ಯಾಗೋ, ಬ್ಯಾರೆ ಬ್ಯಾರೆ ಹಾಳಿಯೋ?"

"ಕಾಯ್ದೆ ಪ್ರಕಾರ ಹೆಂಗೈತೋ ಹಂಗ."

ಆ ಸಮಸ್ಯೆಯನ್ನು ಹೊತ್ತುಕೊಂಡು ಇಸಾಕ ಓಣಿಗಿಳಿದ. ಹೊಳೆವ್ವ ಒಳಗೆ ಬಂದು ಈ ಸಲ ಕುರ್ಚಿಯ ಮೇಲೆ ಕೂರಲಿಲ್ಲ. ರಮಜಾನಬಿಯ ಮಂಚದ ಬದಿಗೆ, ಚಾಪೆಯ ಮೇಲೆ ಕೂತಳು.

"ಅಮ್ಮಾರ, ಗೋಲಿ ಡಬ್ಬಿ ತೋರಸ್ರಿ."

ರಮಜಾನಬಿ ದಿಂಬಿನ ಕೆಳಗೆ ಕೈಹಾಕಿ ಎಳೆದಳು. ಅಂಗೈಯಗಲದ ತಗಡಿನ ಡಬ್ಬಿ. ಮೂಲೆಗಳಲ್ಲಿ ಬಣ್ಣ ಸವೆದು ಬಿಳಿಯಾಗಿತ್ತು. ಉಳಿದದ್ದೆಲ್ಲ ಹಸಿರು, ಎಳೆ ವೀಳ್ಯದೆಲೆಯ ಹಸಿರು.

ಹೊಳೆವ್ವ ಫೈಲು ತೆರೆದು ಹೇಳಿಕೆಯ ಸಾಲನ್ನು ಮತ್ತೊಮ್ಮೆ ಓದಿದಳು. 'ಹಸಿರು ಡಬ್ಬಿಯ.' ಈ ಪ್ರಕರಣದ ಮೊದಲ ಹೇಳಿಕೆ ಇದು. ಆಗ ನಾಸೀರ ಇನ್ನೂ ಸಿಕ್ಕಿರಲಿಲ್ಲ. ಹಾನಗಲ್ಲಿನ ರಸೀದಿಯಲ್ಲಿ ಡಬ್ಬಿ ಇರಲಿಲ್ಲ. ಇಸಾಕನನ್ನು ಯಾರೂ ಕೇಳಿರಲಿಲ್ಲ. ಮತ್ತೆ ಡಬ್ಬಿ ಹಸಿರೆಂದು ಮೇಡಂಗೆ ಹೇಳಿದವರು ಯಾರು?

"ಮಂಗಳವಾರ ನಮ್ಮ ಮೇಡಂ ಬಂದಾಗ, ಈ ಡಬ್ಬಿ ತೋರಿಸಿದ್ರೇನು?"

"ಇಲ್ಲ."

"ಡಬ್ಬಿ ಅಂತ ಬಾಯಾಗರ ಅಂದಿದ್ರೇನು? ನೆನಪ ಮಾಡ್ಕೊಳ್ರಿ."

"ಗೋಲಿ ತರಾಕ ನಾಸೀರನ್ನ ಕಳಿಸಿದೆ. ಇಷ್ಟ ಅಂದೆ, ಬಾಯಿ ಮುಚ್ಚಿದೆ."

ರಮಜಾನಬಿ ಹಾಗೆ ಹೇಳಿ ನಿಜಕ್ಕೂ ಬಾಯಿ ಮುಚ್ಚಿದಳು. ಅವಳ ಬೆರಳುಗಳು ಡಬ್ಬಿಯ ಮುಚ್ಚಳವನ್ನು ತೆಗೆಯುತ್ತ, ಹಾಕುತ್ತ ಇದ್ದವು.

"ನಾಸೀರ ಡಬ್ಬಿ ನಿಮ್ಮ ಕೈಯಾಗ ತಂದುಕೊಟ್ನೇನು?"

"ಹೆಣ್ಣಮಕ್ಕಳ ಕಡೆ ಅಂವ ಹೆಂಗ ಬರ್ತಾನ? ಬಾಗಲದಾಗ ನಿಂತು ಡಬ್ಬಿ, ಗಾಡಿ ಕೀಲಿ ಎರಡೂ ಒಳಗ ಕಳಿಸಿದ. ಗೋಲಿ ತಗೊಂಡು ಡಬ್ಬಿ ಯಾರ ಕಡಿಂದರ ಗಾಡಿಯಾಗ ಇಡಸ್ರಿ, ಕೀಲಿ ತಿರುಗಿ ಕೊಡ್ರಿ ಅಂತ ಹೇಳಿ ಊಟಕ್ಕ ಹೋದ."

ಹೊಳೆವ್ವ ಉಸಿರು ಬಿಟ್ಟಳು. ಅಂದರೆ ಡಬ್ಬಿ ತಂದವನು ನಾಸೀರ. ಹೊತ್ತುಕೊಂಡು ಹೋಗಿ ಇಟ್ಟವನು ನಾಸೀರನಲ್ಲ. ಆ ಪಾಪದ ಮನುಷ್ಯ 'ಅಮ್ಮಾರನ್ನ ಕೇಳ್ರಿ' ಅನ್ನುತ್ತಿದ್ದುದು ಇದಕ್ಕೆ. ಮನೆಯ ಹೆಣ್ಣುಮಕ್ಕಳ ಹೆಸರು ತನ್ನ ಬಾಯಿಂದ ಠಾಣೆಯಲ್ಲಿ ಬೀಳಬಾರದೆಂದು.

"ಗಾಡಿಗೆ ಒಯ್ದಿಟ್ಟವರು ಯಾರು, ಅಮ್ಮಾರ?"

"ಮದುವಿ ಮಂದಿ. ಯಾರೋ."

"ಯಾರೋ ಅಲ್ಲ. ನೀವು ಗುರುತಿಲ್ಲದವರ ಕೈಗೆ ಗಾಡಿ ಕೀಲಿ ಕೊಡೂ ಹೆಣ್ಣಮಗಳಲ್ಲ."

"ಬಾಯಾರ, ನನಗ ತಲಿ ಸುತ್ತಿತ್ತು. ಕಣ್ಣಿಗೆ ಕತ್ತಲ ಬಂದಿತ್ತು."

"ಕಿವಿಗೆ ಬಂದಿದ್ದಿಲ್ಲಲ್ಲ."

ರಮಜಾನಬಿ ಅವಳನ್ನು ದಿಟ್ಟಿಸಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ತೂಗಿ ನೋಡುವ ತಾಳ್ಮೆಯಿತ್ತು. ಹೊಳೆವ್ವ ತನ್ನ ಟೋಪಿ ತೆಗೆದು ಚಾಪೆಯ ಮೇಲಿಟ್ಟಳು.

"ಇಮಾಮಬಿ ಮುಂಜಾನಿಂದ ಠಾಣೆ ಮುಂದ ಕುಂತಾಳ. ಚಹಾ ಕುಡಿ ಅಂದ್ರ ಒಲ್ಲೆ ಅಂತಾಳ. ನಾಕ ಗಂಟೆಕ ಆಕಿ ಗಂಡನ್ನ ಒಯ್ತಾರ. ನೀವು ಹೇಳಿದ್ರಿ ಅಂತ ಬರದ ಕಾಗದ ತೋರಿಸೇ ಒಯ್ತಾರ."

"ನಾ ಗುಂಡು ಅಂದಿಲ್ಲ."

"ಬರದೈತಿ."

"ಬರಕೊಂಡಾಕಿ ಅಂದಾಳ, ನಾ ಅಂದಿಲ್ಲ." ಮುದುಕಿಯ ದನಿ ಒಮ್ಮೆಗೇ ಒರಟಾಯಿತು. "ಹೇಳ್ರಿ ಬಾಯಾರ, ಪೊಲೀಸರ ಮ್ಯಾಲಿನ ಮಾತು ಪೊಲೀಸರ ಮುಂದ ಹೆಂಗ ಹೇಳೂದು? ಹೇಳಿಕಿ ಬರಕೊಳ್ಳಾಕ ಕುಂತವರ ಮುಖ ನೋಡಿ, ಅದನ್ನ ಒಯ್ದಾಕಿ ನೀನ ಅಲ್ಲೇನ ಅಂತ ಹೆಂಗ ಅನ್ನೂದು?"

ಹೊಳೆವ್ವ ಫೈಲು ಮುಚ್ಚಿ ಬದಿಗಿಟ್ಟಳು.

"ಹಳದಿ ಸೀರಿ ಉಟ್ಟಿದ್ದಳು," ಅಂದಳು ರಮಜಾನಬಿ, ಈಗ ಮೆಲ್ಲಗೆ. "ಬಾಜೂಕ ಕುಂತು ಊಟಾ ಮಾಡಿದಳು. ನಾ ಡಬ್ಬಿ ತೆಗೆದಾಗ ನೀರ ಕೊಟ್ಟಳು. ಒಳಗಿಂದು ನೋಡಿದಳು, ಏನೂ ಅನ್ನಲಿಲ್ಲ. 'ಕುಂದ್ರಿ ಅಮ್ಮಾರ, ಗಾಬರಿ ಆಗಬ್ಯಾಡ್ರಿ, ನಾ ಇಟ್ಟು ಬರ್ತೇನಿ' ಅಂದಳು. ಹತ್ತ ಮಿನಿಟಿಗೆ ಕೀಲಿ ತಂದುಕೊಟ್ಟಳು. ಮಂಗಳವಾರ ಖಾಕಿ ಹಾಕ್ಕೊಂಡು ಬಂದಳು. ನಾ ಗುರುತ ಹಿಡೀಲಿಲ್ಲ. ಕುರ್ಚಿ ಎಳಕೊಂಡು ಅದ ದನಿಯಾಗ ಅಂದಳು: 'ಕುಂದ್ರಿ ಅಮ್ಮಾರ, ಗಾಬರಿ ಆಗಬ್ಯಾಡ್ರಿ.' ಅವಾಗ ಗಾಬರಿ ಆದೆ."

ಹೊಳೆವ್ವಳ ಮನಸ್ಸು ಮೊದಲು ಓಡಿದ್ದು ಸ್ಟೇಷನ್ ಡೈರಿಯ ಕಡೆಗೆ. ಭಾನುವಾರದ ಪುಟದಲ್ಲಿ ಪಿಎಸ್‌ಐ ಮಲ್ಲಿಕಾ ಹೆಸರಿನ ಮುಂದೆ 'ಚುನಾವಣಾ ಗಸ್ತು' ಎಂದಿತ್ತು. ಮದುವೆ ಅಂತ ಇರಲಿಲ್ಲ.

ರಿವಾಲ್ವರ್ ಇಲ್ಲದ ಗೋಲಿ ಬರೇ ಹಿತ್ತಾಳಿ ತುಂಡು, ಅಂದಿದ್ದ ಇಸಾಕ. ಅದನ್ನೇ ತಿರುವಿ ಹಾಕಿದರೆ? ಗೋಲಿ ಮಾತ್ರ ಕದ್ದವರಿಗೆ ರಿವಾಲ್ವರಿನ ಕೊರತೆ ಇರಲಿಲ್ಲ. ಆಯುಧ ಕೋಣೆಯಲ್ಲಿ ಮೂರಿದ್ದವು, ಅವುಗಳಲ್ಲೊಂದು ಇದೇ ಅಳತೆಯದು. ಅದರ ಕಾಡತೂಸುಗಳೂ ಅಲ್ಲೇ ಇದ್ದವು. ಆದರೆ ಅವು ಅರಗಿನ ಮುದ್ರೆ ಹಾಕಿದ ಪೊಟ್ಟಣದಲ್ಲಿ, ಎಣಿಸಿ ರಿಜಿಸ್ಟರಿಗೆ ಹತ್ತಿದವು. ರಿವಾಲ್ವರನ್ನು ಒಯ್ದು ಒರೆಸಿ ತಿರುಗಿ ತಂದಿಡಬಹುದು. ಹಾರಿದ ಕಾಡತೂಸನ್ನು ತಿರುಗಿ ತಂದಿಡಲು ಬರುವುದಿಲ್ಲ. ಅದು ಹೊರಗಿನದೇ ಆಗಬೇಕು. ಇಂಥ ಲೆಕ್ಕ ಮಾಡಬಲ್ಲವರು ರಿಜಿಸ್ಟರು ಬಲ್ಲವರು ಮಾತ್ರ.

ಆದರೆ ಬಾಗಿಲಿಗೆ ಎರಡು ಬೀಗವಿತ್ತಲ್ಲ?

ಹೊಳೆವ್ವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಕೀಲಿ ಅಲ್ಲೇ ಇತ್ತು. ಭಾನುವಾರ ಇರಲಿಲ್ಲ. ಭಾನುವಾರ ಅವಳು ರಜೆ ಹಾಕಿ, ತಮ್ಮನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿದೆಯೆಂದು ಹಿರೇಬೆಂಡಿಗೇರಿಗೆ ಹೋಗಿದ್ದಳು. ಶನಿವಾರ ಸಂಜೆ, ನಿಯಮದ ಪ್ರಕಾರ, ತನ್ನ ಕೀಲಿಯನ್ನು ಠಾಣೆಯ ಮುಖ್ಯಸ್ಥರಾದ ಮಲ್ಲಿಕಾ ಮೇಡಂಗೆ ಒಪ್ಪಿಸಿ ಸಹಿ ತೆಗೆದುಕೊಂಡಿದ್ದಳು. ಸೋಮವಾರ ಬೆಳಿಗ್ಗೆ, ನಿಯಮದ ಪ್ರಕಾರ, ಸಹಿ ಮಾಡಿ ತಿರುಗಿ ಪಡೆದಿದ್ದಳು. ಎಲ್ಲ ನಿಯಮದ ಪ್ರಕಾರವೇ ಆಗಿತ್ತು. ನಡುವಿನ ಒಂದು ದಿನ ಎರಡೂ ಕೀಲಿ ಒಂದೇ ಕೈಯಲ್ಲಿದ್ದವು, ಅಷ್ಟೇ.

ಇಸಾಕನ ಕಾಯ್ದೆ ಇಲಾಖೆಯ ಕಾಯ್ದೆಗಿಂತ ಗಟ್ಟಿಯಿತ್ತು.

"ಅಮ್ಮಾರ, ಈಗ ಹೇಳಿದ್ದನ್ನ ಜಡ್ಜ್ ಮುಂದ ಹೇಳ್ತೀರೇನು? ನಾಕ ಗಂಟೆಕ?"

ರಮಜಾನಬಿ ಡಬ್ಬಿಯಿಂದ ಒಂದು ಗುಳಿಗೆ ತೆಗೆದು, ನೀರಿಲ್ಲದೆ ನುಂಗಿದಳು. "ನೀವು ಬಾಜೂಕ ನಿಂತ್ರ ಹೇಳ್ತೇನಿ."

ಹೊಳೆವ್ವ ಉತ್ತರ ಕೊಡುವಷ್ಟರಲ್ಲಿ ಅವಳ ಫೋನು ಗುನುಗಿತು. ಪರದೆಯ ಮೇಲೆ 'ಪಿಎಸ್‌ಐ ಮೇಡಂ'.

"ಹೊಳೆವ್ವಾರ, ಎಲ್ಲದೀರಿ?" ಮಲ್ಲಿಕಾಳ ದನಿ ಎಂದಿನಂತೆ ತಣ್ಣಗಿತ್ತು. "ಇಲ್ಲಿ ಹಾವೇರ್ಯಾಗ ಮೀಟಿಂಗ ಮುಗಿಯೂವಂಗ ಕಾಣೂದಿಲ್ಲ. ನಿಮ್ಮ ಝೆರಾಕ್ಸ್ ಆತೇನ್ರಿ?"

"ಆಗಾಕತ್ತೈತ್ರಿ ಮೇಡಂ."

"ಛಲೋ ಆತು. ಬರುವಾಗ ಆ ಡಬ್ಬೀನೂ ತಗೊಂಡ ಬರ್ರಿ. ಫೈಲಿಗೆ ಬೇಕಾಗ್ತೈತಿ."

"ಯಾವ ಡಬ್ಬಿರಿ, ಮೇಡಂ?"

ಆ ಕಡೆಯಿಂದ ಮಾತಿಲ್ಲ. ಆ ಮೌನದಲ್ಲಿ ಚುನಾವಣೆಯ ಆಟೋ ಓಣಿಗೆ ತಿರುಗಿ ಬಂದಿತು. 'ಹೊಲಿಗೆ ಯಂತ್ರದ ಗುರುತು' ಎಂದು ಕಿಟಕಿಯಿಂದ ಕೇಳಿಸಿತು. ಅರೆಗಳಿಗೆ ಬಿಟ್ಟು, 'ಮರೀಬ್ಯಾಡ್ರಿ' ಎಂದು ಕಿಟಕಿಯಿಂದಲೂ ಕೇಳಿಸಿತು, ಹಾವೇರಿಯಲ್ಲಿದ್ದೇನೆ ಎಂದ ಫೋನಿನೊಳಗಿಂದಲೂ ಕೇಳಿಸಿತು.

ರಮಜಾನಬಿ ಡಬ್ಬಿಯ ಮೇಲೆ ಸೆರಗೆಳೆದುಕೊಂಡಳು. ಹೊಳೆವ್ವ ತಲೆಯೆತ್ತಿ ಪಡಸಾಲೆಯ ಆಚೆಗೆ ನೋಡಿದಳು. ಖಾಲಿ ಪೆಟ್ಟಿಗೆಗೂ ಬೀಗ ಹಾಕುವ ಇಸಾಕ, ಝೆರಾಕ್ಸಿನ ಯೋಚನೆಯಲ್ಲಿ ಹೊರಟವನು, ಮುಂಬಾಗಿಲನ್ನು ಹಾರು ಹೊಡೆದೇ ಬಿಟ್ಟು ಹೋಗಿದ್ದ. ಹೊಸ್ತಿಲ ಮೇಲೆ ಒಂದು ನೆರಳು ಬಿದ್ದಿತ್ತು. ಅದು ಇಸಾಕನಷ್ಟು ಎತ್ತರವಿರಲಿಲ್ಲ.